ಸಾಸಿವೆಯನ್ನು ಕರೆಯುವ ರಾಗ

ಫೆಬ್ರವರಿ 4

ಪ್ರೀತಿಯ ಕಪ್ಪೆರಾಯನಿಗೆ,

ನಿನ್ನ ಅಕ್ಕನೂ ಸೊಸೆ ಸಾಸಿವೆಯೂ ಕ್ಷೇಮ. ಮೊದಲು ಇದನ್ನು ಬರೆದುಬಿಟ್ಟರೆ ಉಳಿದದ್ದನ್ನು ನೀನು ನೆಮ್ಮದಿಯಾಗಿ ಓದುತ್ತೀಯ ಎಂದು ಗೊತ್ತು. ಮತ್ತೆ ಊರು ಬದಲಾಯಿಸಿದೆವು. ಹಳೆಯ ಮನೆಯ ಎದುರಿಗೆ ಒಬ್ಬ ಮನುಷ್ಯ ಎರಡು ಮೂರು ಸಲ ಸುಮ್ಮನೆ ನಿಂತು ಹೋದ. ಬಾಡಿಗೆ ಮನೆ ಹುಡುಕುವವನೇ ಇರಬಹುದು. ಹೋಗಿ ಕೇಳುವ ಧೈರ್ಯ ನನಗಿರಲಿಲ್ಲ, ಗಂಟುಮೂಟೆ ಕಟ್ಟುವ ಧೈರ್ಯ ಮಾತ್ರ ಇತ್ತು.

ಈಗಿರುವುದು ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಟೈಲರಮ್ಮ ಮಷೀನು ತುಳಿದರೆ ನನ್ನ ಮೇಜಿನ ಕಾಲು ಅದುರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಅದೇ ತಾಳಕ್ಕೆ ಹಾಡು ಕಟ್ಟುತ್ತೇನೆ. ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ರೇಡಿಯೋ ಅರಚುತ್ತದೆ. ಅದರ ಪಕ್ಕದ ಸಂದಿಯಲ್ಲಿ ಸಾಸಿವೆಯ ಶಾಲೆ. ಅವಳಿಗೆ ಆ ಹೆಸರು ಯಾರು ಇಟ್ಟರೋ, ಸಿಡಿಯುವುದು ಮಾತ್ರ ಕಾದ ಎಣ್ಣೆಗೆ ಬಿದ್ದ ಹಾಗೇ.

ಫೋನ್ ಇಟ್ಟುಕೊಂಡಿಲ್ಲ. ಹಿಂದೊಮ್ಮೆ ಅವನು ನಮ್ಮನ್ನು ಹುಡುಕಿದ್ದು ಫೋನಿನಿಂದಲೇ. ಈ-ಮೇಲ್ ಕೂಡ ಬೇಡ, ನನ್ನ ಪಾಸ್‌ವರ್ಡುಗಳನ್ನು ಅವನು ನನಗಿಂತ ಮೊದಲೇ ಊಹಿಸುತ್ತಾನೆ. ಕಾಗದವಾದರೆ ಕದಿಯುವವನು ಅಂಚೆಯವನ ಚೀಲಕ್ಕೇ ಕೈ ಹಾಕಬೇಕು. ಟೈಲರಮ್ಮನ ಅಂಗಡಿಗೆ ಬರಿ, 'ಮೇಲಿನ ಮನೆಗೆ' ಎಂದರೆ ಸಾಕು. ಈ ವಿಳಾಸ ನಿನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಅವನಿಗೆ ಗೊತ್ತಾದ ದಿನ ಸಾಸಿವೆ ನನ್ನ ಕೈತಪ್ಪುತ್ತಾಳೆ.

ನೀನು ಪುಕ್ಕಟೆ ಕೊಟ್ಟ ಸಾಫ್ಟ್‌ವೇರೇ ಈಗ ನಮ್ಮ ಅನ್ನ. ನಾನು ಗುನುಗಿದ್ದನ್ನು ಅದು ಸ್ವರವಾಗಿ ಬರೆದುಕೊಳ್ಳುತ್ತದೆ, ತಾಳಕ್ಕೆ ತಾನೇ ಗೆರೆ ಎಳೆಯುತ್ತದೆ. ಸಾಲು ಮುಂದೆ ಹೋಗದಿದ್ದರೆ 'ಮುಂದಿನ ಸಾಲು' ಎಂಬ ಗುಂಡಿ ಒತ್ತಿದರಾಯಿತು, ಮೂರು ನಾಲ್ಕು ದಾರಿ ತೋರಿಸುತ್ತದೆ. ಮೊದಲು ಅವಮಾನವೆನಿಸುತ್ತಿತ್ತು, ಈಗ ನಾಚಿಕೆ ಬಿಟ್ಟು ಒತ್ತುತ್ತೇನೆ. ಟೈಲರಮ್ಮನ ಇಂಟರ್ನೆಟ್ಟಿನಲ್ಲೇ ಹಾಡು ಕಳಿಸುತ್ತೇನೆ, ನಡುವಿನ ಒಬ್ಬಾತ ಕೈಗೆ ದುಡ್ಡು ತಂದುಕೊಡುತ್ತಾನೆ. ಸೋಪಿನ ಜಾಹೀರಾತಿಗೊಂದು, ಚಪ್ಪಲಿಯದಕ್ಕೊಂದು. ಹಾಡಿಗೆ ನನ್ನ ಹೆಸರಿಲ್ಲ, ಅದೇ ಅದರ ಚೆಂದ.

ನಿನ್ನ ಅಕ್ಕ


ಫೆಬ್ರವರಿ 15

ಅಕ್ಕಾ,

ನಾನು ಕಪ್ಪೆಯೇ ಇರಬಹುದು, ಆದರೆ ಈ ಕಪ್ಪೆಯ ಕಿವಿಗೆ ಈಗ ಸಂಬಳ ಬರುತ್ತದೆ. ಗಂಟಲು ಕೊಡದ ದೇವರು ಕಿವಿಯಲ್ಲಿ ಬಡ್ಡಿ ಸಮೇತ ತೀರಿಸಿದ.

ನನ್ನ ಕೆಲಸ ಏನೆಂದು ನೀನು ಸರಿಯಾಗಿ ಕೇಳಲೇ ಇಲ್ಲ. ನಮ್ಮ ಕಂಪನಿಯಲ್ಲಿ 'ಕೇಳುವ ಕೋಣೆ' ಎಂದು ಒಂದಿದೆ. ಗೋಡೆಗೆಲ್ಲ ಸ್ಪಂಜು, ಕಿಟಕಿ ಇಲ್ಲ. ನಾವು ಐದಾರು ಜನ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮೀನು ಮಾರುಕಟ್ಟೆಯ ಬೆಕ್ಕುಗಳ ಹಾಗೆ ಕೂತಿರುತ್ತೇವೆ. ಹಾಡು ಕಟ್ಟುವವರು ಬೇಡವೆಂದು ಅಳಿಸಿದ ತುಣುಕುಗಳು ನಮ್ಮ ಮುಂದೆ ಬರುತ್ತವೆ. ಯಾರದು, ಎಲ್ಲಿಂದ, ಒಂದೂ ಗೊತ್ತಾಗುವುದಿಲ್ಲ. ಕೇಳಿ ನಕ್ಷತ್ರ ಹಾಕುವುದಷ್ಟೇ. ಐದು ನಕ್ಷತ್ರ ಬಿದ್ದದ್ದು ನೀನು ಒತ್ತುವ ಆ 'ಮುಂದಿನ ಸಾಲು' ಗುಂಡಿಗೆ ಹೋಗಿ ಸೇರುತ್ತದೆ. ನಮ್ಮ ಮೇಡಂ ಹೇಳುವುದು ಒಂದೇ ಮಾತು: "ಜನ ಇಟ್ಕೊಳ್ಳೋದೆಲ್ಲ ಎಲ್ಲೋ ಕೇಳಿದ್ದೇ ಕಣ್ರೀ. ಅಳಿಸ್ತಾರಲ್ಲ, ಅದು ಹೊಸದು."

ಕಂಪನಿಯವರು ನಮಗೆಲ್ಲ ಆ ಸಾಫ್ಟ್‌ವೇರಿನ ಎರಡೆರಡು ಪರೀಕ್ಷೆಯ ಪ್ರತಿ ಕೊಟ್ಟಿದ್ದರು, ಬೇಕಾದವರಿಗೆ ಹಂಚಿ ಎಂದು. ಒಂದು ನಿನಗೆ ಬಂತು. ಇನ್ನೊಂದನ್ನು ಹಾಡುವ ಗೆಳೆಯರೊಬ್ಬರಿಗೆ ಕೊಟ್ಟೆ.

ಒಂದು ಮಾತು ಹೇಳಲೇ, ಬೈಯಬೇಡ. ಭಾವನನ್ನು ನೀನು 'ಅವನು' ಎಂದು ಬರೆದದ್ದನ್ನು ಓದಿ ಕಿವಿಗೆ ಬಿಸಿ ಮುಟ್ಟಿಸಿದ ಹಾಗಾಯಿತು. ಗಂಡ ಹೆಂಡತಿ ಎಂದಮೇಲೆ ಮಾತು ಬರುತ್ತದೆ, ಹೋಗುತ್ತದೆ. ಈ ಕಿವಿಯನ್ನು ಪಳಗಿಸಿದ್ದು ಯಾರು? ಅಮ್ಮ ಹೋದಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸ್ವರ ಹಾಡಿ, "ಇದು ಎಲ್ಲಿದೆ ಹೇಳು, ಇದು ಎಲ್ಲಿದೆ ಹೇಳು" ಎಂದು ಕಲಿಸಿದವರು ಅವರು. ಆ ಕಂಠ ಇರುವ ಮನುಷ್ಯ ಕೆಟ್ಟವನಾಗಲು ಸಾಧ್ಯವೇ ಎಂದು ಈಗಲೂ ಅನ್ನಿಸುತ್ತದೆ.

ಸಾಸಿವೆಗೆ ಮಾಮನ ವಟವಟ.


ಮಾರ್ಚ್ 1

ತಮ್ಮಾ,

ನಿನ್ನ ಕಾಗದವನ್ನು ಓದಿ ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ, ಆಮೇಲೆ ಒಲೆಗೆ ಹಾಕಿದೆ. ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ಕಾದೆ. ಇಳಿಯಲಿಲ್ಲ.

ಆ ಕಂಠಕ್ಕೇ ಅಲ್ಲವೇನೋ ನಾನೂ ಬಿದ್ದದ್ದು? ಅವನು ಹಾಡಿದರೆ ಬೀದಿಯ ನಾಯಿಯೂ ಬಾಲ ಮಡಿಸಿ ಕೂರುತ್ತಿತ್ತು. ಅದೇ ಕಂಠದಲ್ಲಿ, ಅಷ್ಟೇ ಮೆತ್ತಗೆ ಅವನು ನನಗೆ ಏನೇನು ಹೇಳುತ್ತಿದ್ದ ಎಂದು ನಿನಗೆ ಬರೆಯಲಾರೆ. ಒಂದನ್ನು ಮಾತ್ರ ಬರೆಯುತ್ತೇನೆ, ಆಮೇಲೆ ಅವನ ಸುದ್ದಿ ನಮ್ಮಿಬ್ಬರ ನಡುವೆ ಬೇಡ.

ಸಾಸಿವೆ ಆಗ ತೊದಲುತ್ತಿದ್ದಳು. ನಾನು ರೆಕಾರ್ಡಿಂಗ್‌ಗೆ ಹೋಗಿದ್ದಾಗ ಪಕ್ಕದ ಮನೆಯವರಿಗೆ "ಅವಳಮ್ಮನೇ ಕಳ್ಸಿದ್ದು" ಎಂದು ಹೇಳಿ ಮಗುವನ್ನು ಎತ್ತಿಕೊಂಡು ಹೋದ. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಹುಚ್ಚಿಯ ಹಾಗೆ ಅಲೆದೆ. ವಾರ ಕಳೆದ ಮೇಲೆ ತಾನೇ ತಂದು ಬಿಟ್ಟ. ಮಗುವಿನ ತಲೆ ಸವರುತ್ತಾ, ನಗುತ್ತಲೇ, "ಈ ಸಲ ಪ್ರಾಕ್ಟೀಸು. ಮುಂದಿನ ಸಲ ಹುಡುಕ್ಬೇಡ, ಸುಸ್ತಾಗ್ತೀಯ" ಎಂದ. ಮಗು ಎಷ್ಟೋ ದಿನ ಬಾಯಿಯೇ ಬಿಡಲಿಲ್ಲ. ಪೊಲೀಸರು, "ಅಪ್ಪ ತಾನೇ ಕರ್ಕೊಂಡ್ ಹೋಗಿದ್ದು" ಎಂದು ಚಹಾ ಕುಡಿಸಿ ಕಳಿಸಿದರು. ಅಂದೇ ನಾನು ಮನೆ ಬಿಟ್ಟದ್ದು. ನಿನಗೆ ಆಗ ಜಗಳ ಎಂದಷ್ಟೇ ಹೇಳಿದ್ದೆ. ಅವನನ್ನು ದೇವರ ಹಾಗೆ ನೋಡುತ್ತಿದ್ದೆ ನೀನು, ಅದನ್ನು ಒಡೆಯಲು ಮನಸ್ಸಾಗಲಿಲ್ಲ.

ಅವಳಿಗೀಗ ಅವನ ಮುಖ ನೆನಪಿಲ್ಲ. ಅದೇ ಸಮಾಧಾನ, ಅದೇ ಹೆದರಿಕೆ. ಎದುರಿಗೆ ಬಂದು ನಿಂತರೆ ಓಡಿಹೋಗಬೇಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದಕ್ಕೊಂದು ಏರ್ಪಾಟು ಮಾಡಿದ್ದೇನೆ. ಏನೆಂದು ನಿನಗೂ ಹೇಳುವುದಿಲ್ಲ. ನಿನ್ನ ಬಾಯಿಗೆ ಬೀಗವಿಲ್ಲ, ಅದು ಚಿಕ್ಕಂದಿನಿಂದಲೂ ಗೊತ್ತಿರುವುದೇ.

ಅಕ್ಕ


ಮಾರ್ಚ್ 19

ಅಕ್ಕಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ನೀನು ಬರೆದದ್ದೆಲ್ಲ ನಿಜವೇ ಇರಬೇಕು. ಆದರೂ ಮನುಷ್ಯ ಒಂದು ಕಾಲದಲ್ಲಿ ಇದ್ದ ಹಾಗೆಯೇ ಯಾವಾಗಲೂ ಇರುತ್ತಾನೆಯೇ ಎಂದು ಮನಸ್ಸು ಕೇಳುತ್ತದೆ. ಇರಲಿ, ಆ ಸುದ್ದಿ ಬೇಡ ಎಂದಿದ್ದೀಯ, ಬಿಟ್ಟೆ.

ಇವತ್ತು ಕೇಳುವ ಕೋಣೆಯಲ್ಲಿ ಏನಾಯಿತು ಗೊತ್ತಾ? ನಾನು ಅತ್ತುಬಿಟ್ಟೆ. ಪಕ್ಕದವನು ಹೆಡ್‌ಫೋನ್ ಕೆಟ್ಟಿತೇನೋ ಎಂದು ನೋಡಿದ.

ಅಮ್ಮ ಬಸ್ ನಿಲ್ದಾಣದ ವಿಚಾರಣೆ ಕಿಂಡಿಯಲ್ಲಿ ಕೂತಿರುತ್ತಿದ್ದದ್ದು, ನಾವಿಬ್ಬರೂ ಶಾಲೆ ಬಿಟ್ಟಮೇಲೆ ಆ ಜನಜಂಗುಳಿಯಲ್ಲೇ ಆಡುತ್ತಿದ್ದದ್ದು ನೆನಪಿದೆ ತಾನೇ? ಅವಳು ಒಂದು ದಿನವಾದರೂ ನಮ್ಮ ಹೆಸರು ಹಿಡಿದು ಕೂಗಲಿಲ್ಲ. "ಹೆಸ್ರು ಯಾರ್ ಬೇಕಾದ್ರೂ ಕೂಗ್ತಾರೆ, ರಾಗ ನಂದು" ಎನ್ನುತ್ತಿದ್ದಳು. ನಿನಗೊಂದು, ನನಗೊಂದು. ಬಸ್ಸಿನ ಹಾರನ್ನು, ಕೂಲಿಗಳ ಕೂಗು ಎಲ್ಲದರ ನಡುವೆ ಆ ಕಿಂಡಿಯಿಂದ ರಾಗ ಬಂತೆಂದರೆ ನಾವು ಕೈಯಲ್ಲಿದ್ದದ್ದನ್ನು ಬಿಸಾಕಿ ಓಡುತ್ತಿದ್ದೆವು. ಯಾಕೆ, ಏನು ಎಂದು ಯೋಚಿಸುತ್ತಲೇ ಇರಲಿಲ್ಲ, ಕಾಲೇ ಓಡುತ್ತಿತ್ತು. ಎರಡೂ ರಾಗಗಳಲ್ಲಿ ಮೊದಲ ಪೆಟ್ಟು ಖಾಲಿ. ಉಸಿರು ಎಳೆದುಕೊಂಡು, ಆಮೇಲೆ ಕರೆ.

ಇವತ್ತು ಬಂದ ಒಂದು ತುಣುಕು ಹಾಗೇ ಇತ್ತು ಅಕ್ಕಾ. ಮೊದಲ ಪೆಟ್ಟು ಖಾಲಿ, ಆಮೇಲೆ ಕರೆ. ನಮ್ಮಿಬ್ಬರದೂ ಅಲ್ಲ, ಆದರೆ ಅಮ್ಮನಿಗೆ ಮೂರನೆಯ ಮಗು ಇದ್ದಿದ್ದರೆ ಅದನ್ನು ಹೀಗೇ ಕರೆಯುತ್ತಿದ್ದಳು. ಸ್ವರ ಬರೆದು ಕಳಿಸುವಂತಿಲ್ಲ, ಕೋಣೆಯಲ್ಲಿ ಕೇಳಿದ್ದು ಹೊರಗೆ ಹೋಗಕೂಡದೆಂದು ಸಹಿ ಹಾಕಿಸಿಕೊಂಡಿದ್ದಾರೆ. ಇಂಥದ್ದನ್ನು ಯಾವ ಪುಣ್ಯಾತ್ಮ ಅಳಿಸಿದನೋ! ಐದು ನಕ್ಷತ್ರ ಹಾಕಿದೆ. ಅಷ್ಟಕ್ಕೇ ಬಿಡದೆ ಮೇಡಂ ಹತ್ತಿರ ಎದ್ದುಹೋಗಿ, "ಇದನ್ನ ಎಲ್ಲಕ್ಕಿಂತ ಮುಂದೆ ಇಡಿ" ಎಂದೆ. ಅವರೂ ಕೇಳಿ ತಲೆದೂಗಿದರು. ಇನ್ನು ಲೋಕದಲ್ಲಿ ಯಾರು ಎಲ್ಲಿ ಕೂತು ಸಾಲು ಸಿಗದೆ ಒದ್ದಾಡಿದರೂ ಅಮ್ಮನ ಕರೆ ಅವರ ಮುಂದೆ ಬಂದು ನಿಲ್ಲುತ್ತದೆ.

ನಿನ್ನ ಕಪ್ಪೆ


ಏಪ್ರಿಲ್ 2

ಕಪ್ಪೆರಾಯಾ,

ನಿನಗೆ ಎಲ್ಲೆಲ್ಲೂ ಅಮ್ಮನೇ ಕೇಳಿಸುತ್ತಾಳೆ. ಹಿಂದೊಮ್ಮೆ ಮಿಕ್ಸಿಯ ಸದ್ದಿನಲ್ಲಿ ಕೇಳಿಸಿದ್ದಳು, ನೆನಪಿದೆಯಾ? ಮೊದಲ ಪೆಟ್ಟು ಖಾಲಿ ಬಿಟ್ಟು ಶುರುವಾಗುವ ಹಾಡು ಬೀದಿಗೆ ಹತ್ತು ಸಿಗುತ್ತವೆ. ಆದರೂ ನೀನು ಅತ್ತದ್ದನ್ನು ಬರೆದ ಸಾಲನ್ನು ಎರಡು ಸಲ ಓದಿದೆ. ಅಮ್ಮನ ರಾಗಗಳನ್ನು ನಾನು ಯಾರಿಗೂ ಹಾಡಿಲ್ಲ, ಒಬ್ಬನಿಗೆ ಬಿಟ್ಟು. ಮದುವೆಯಾದ ಹೊಸದರಲ್ಲಿ ಪ್ರೀತಿ ಉಕ್ಕಿ ಅವನಿಗೆ ಹಾಡಿ ತೋರಿಸಿದ್ದೆ. ಅವನ ಬಾಯಿಗೆ ಬಿದ್ದಮೇಲೆ ಅವು ನನ್ನವಾಗಿ ಉಳಿಯಲಿಲ್ಲ.

ನಾನು ಸ್ವಲ್ಪ ಸುಸ್ತು, ಬೇರೇನಿಲ್ಲ. ಮೆಟ್ಟಿಲು ಜಾಸ್ತಿ.

ಅಕ್ಕ


ಮೇ 6

ತಮ್ಮಾ,

ಯಾಕೋ ಕಾಗದವೇ ಇಲ್ಲ? ಕೋಪವೇ, ಕೆಲಸವೇ? ಅಂಚೆಯವನು ಬಂದಾಗಲೆಲ್ಲ ಟೈಲರಮ್ಮ ಕೆಳಗಿನಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾರೆ.

ನಿನ್ನೆ ಸಾಸಿವೆ ನನ್ನ ಜೀವ ಬಾಯಿಗೆ ತಂದಳು. ಅಂಗಡಿಯ ಬಾಗಿಲಲ್ಲಿ ಚಿಂದಿ ಬಟ್ಟೆ ಆರಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಎದ್ದು ರಸ್ತೆಗೆ ನುಗ್ಗಿದಳು. ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದಳು. ಟೈಲರಮ್ಮ ಓಡಿಹೋಗಿ ಎಳೆದುಕೊಂಡು ಬಂದರೆ, ಸೈಕಲ್ ಅಂಗಡಿಯ ಕಡೆ ಕೈ ತೋರಿಸಿ, "ನನ್ನ ಕರೆದ್ರು, ಅಲ್ಲಿಂದ ಕರೆದ್ರು" ಎಂದು ಒಂದೇ ಸಮ ಅಳು. ನಾನು ಹೋಗಿ ನೋಡಿದೆ. ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ, ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. "ಇಲ್ಲಿ ಯಾರೂ ಬಂದಿಲ್ಲಮ್ಮಾ, ಈಗ್ತಾನೆ ಬಿಸ್ಕತ್ತಿನ ಜಾಹೀರಾತು ಮುಗೀತು ಅಷ್ಟೇ" ಎಂದ. ಮೊದಲ ಸಲ ಅವಳಿಗೆ ಹೊಡೆದೆ. ಸುಳ್ಳು ಹೇಳಬೇಡ ಎಂದೆ. ಅವಳು ಅತ್ತು ಅತ್ತು ನನ್ನ ತೊಡೆಯ ಮೇಲೇ ಮಲಗಿದಳು. ಸುಳ್ಳು ಹೇಳುವ ಮಗುವಲ್ಲ ಅದು. ಯಾಕೆ ಹಾಗಂದಳೋ ತಿಳಿಯುತ್ತಿಲ್ಲ.

ಬರಿ. ಎರಡೇ ಸಾಲಾದರೂ ಬರಿ.

ಅಕ್ಕ


ಮೇ 27

ಅಕ್ಕಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ಬರೆದರೆ ಸುಳ್ಳು ಬರೆಯಬೇಕಾಗಿತ್ತು. ಈಗ ಎಲ್ಲ ಹೇಳಿಬಿಡುತ್ತೇನೆ. ಪೂರ್ತಿ ಓದಿ ಆಮೇಲೆ ಬೈ.

ಸಾಫ್ಟ್‌ವೇರಿನ ಇನ್ನೊಂದು ಪ್ರತಿ ಗೆಳೆಯರೊಬ್ಬರಿಗೆ ಕೊಟ್ಟೆ ಎಂದಿದ್ದೆನಲ್ಲ, ಅವರು ಭಾವ. ನೀನು ಮನೆ ಬಿಟ್ಟಮೇಲೂ ನಮ್ಮಿಬ್ಬರ ಮಾತುಕತೆ ನಿಂತಿರಲಿಲ್ಲ. ಏಪ್ರಿಲ್‌ನಿಂದ ಅವರು ನನ್ನ ಮನೆಗೆ ಬರತೊಡಗಿದರು. ಇಳಿದುಹೋಗಿದ್ದಾರೆ ಅಕ್ಕಾ. ಗಡ್ಡ ತೆಗೆದಿದ್ದಾರೆ, ಕುಡಿತ ಬಿಟ್ಟಿದ್ದಾರೆ. ನನ್ನ ಮುಂದೆ ಕೂತು ಮಗುವಿನ ಹಾಗೆ ಅತ್ತರು. "ನಾನು ಮಾಡಿದ್ದು ತಪ್ಪೇ ಕಣೋ. ಒಂದ್ಸಲ ದೂರದಿಂದ ಮಗಳ ಮುಖ ನೋಡಿ ಹೋಗಿಬಿಡ್ತೀನಿ" ಎಂದರು. ಅವರ ಅಕ್ಕ ಇರುವ ದೇಶಕ್ಕೆ ಹೋಗಿ ನೆಲೆಸುತ್ತಾರಂತೆ. ಜೂನ್ ನಾಲ್ಕರ ಸಂಜೆ ಹಡಗು. ಮತ್ತೆ ಈ ಕಡೆಗೆ ಬರುವುದಿಲ್ಲವಂತೆ. ಜೇಬಿನಿಂದ ತೆಗೆದಾಗ ಟಿಕೆಟ್ ಎರಡಿದ್ದ ಹಾಗೆ ಕಂಡಿತು. ಕೇಳಿದರೆ "ವಾದ್ಯಕ್ಕೂ ಒಂದು ಜಾಗ ಬೇಕಲ್ವೇನೋ" ಎಂದು ನಕ್ಕರು.

ಅವರು ಮೊದಲ ಸಲ ಬಂದದ್ದು ಯಾಕೆ ಗೊತ್ತೇ? 'ಮುಂದಿನ ಸಾಲು' ಒತ್ತಿದಾಗ ಅವರಿಗೆ ಸಿಕ್ಕಿದ್ದು ನಾನು ಐದು ನಕ್ಷತ್ರ ಹಾಕಿದ ಅದೇ ತುಣುಕು! "ಇದು ನಿಮ್ಮಮ್ಮ ನಿಮ್ಮನ್ನ ಕರೀತಿದ್ದ ಥರಾನೇ ಇದೆಯಲ್ವಾ?" ಎಂದು ಕೇಳಿದರು. ನನಗೆ ರೋಮಾಂಚನವಾಯಿತು. ನನಗೊಬ್ಬನಿಗೇ ಹಾಗೆ ಕೇಳಿಸಿದ್ದಲ್ಲ ನೋಡು. ಆಮೇಲೆ ಬಂದಾಗಲೆಲ್ಲ ಅದನ್ನೇ ಗುನುಗುತ್ತಾರೆ. ಮೊದಲ ಪೆಟ್ಟು ಬಿಟ್ಟು, ಮೂರು ಮೆಟ್ಟಿಲು ಹತ್ತಿ, ಒಂದು ಜಾರಿ, ಅಲ್ಲೇ ತೂಗಾಡುತ್ತಾ ನಿಲ್ಲುವ ಆ ರಾಗ ಅವರ ಕಂಠದಲ್ಲಿ ಕೇಳಬೇಕು ನೀನು. "ಕೊನೆ ಸ್ವರ ಇನ್ನೂ ಸ್ವಲ್ಪ ಎಳೀಬೇಕಾ? ನಿನ್ನ ಕಿವಿ ಸರಿ ಇದೆ, ಹೇಳು" ಎಂದು ಕೇಳಿ ಕೇಳಿ ತಿದ್ದಿಸಿಕೊಂಡರು. ಗುರುವಿಗೇ ನಾನು ಪಾಠ ಹೇಳಿದೆ!

ನಿನ್ನೆ ಅವರಿಗೆ ಟೈಲರಮ್ಮನ ವಿಳಾಸ ಕೊಟ್ಟೆ. ತಡಿ, ಕಾಗದ ಹರಿಯಬೇಡ. ನಿನಗೆ ಮುಖ ತೋರಿಸುವುದಿಲ್ಲ, ಮಗುವನ್ನು ಮುಟ್ಟುವುದಿಲ್ಲ ಎಂದು ನನ್ನ ಕೈ ಹಿಡಿದು ಮಾತು ಕೊಟ್ಟಿದ್ದಾರೆ. ನೀನೇ ಏನೋ ಏರ್ಪಾಟು ಮಾಡಿದ್ದೀಯಲ್ಲ, ಅವಳು ಯಾರ ಜೊತೆಗೂ ಹೋಗುವವಳಲ್ಲ ತಾನೇ? ಒಬ್ಬ ಅಪ್ಪ ಬೀದಿಯ ಆಚೆಯಿಂದ ಒಮ್ಮೆ ನೋಡಿ ಹೋದರೆ ನಿನ್ನದೇನು ಗಂಟು ಹೋಗುತ್ತದೆ?

ಕ್ಷಮಿಸುತ್ತೀಯ ಎಂದು ಗೊತ್ತು.

ನಿನ್ನ ತಮ್ಮ


ಮೇ 28

ಪ್ರೀತಿಯ ತಮ್ಮಾ,

ಇನ್ನೂ ನಿನ್ನ ಕಾಗದವಿಲ್ಲ. ಕೋಪ ಎಷ್ಟೇ ಇರಲಿ, ಈ ಒಂದು ಸಲ ಅದನ್ನು ಗೂಟಕ್ಕೆ ನೇತುಹಾಕಿ ಬಾ.

ಸುಸ್ತು ಎಂದು ಬರೆದಿದ್ದೆನಲ್ಲ, ಅದು ಮೆಟ್ಟಿಲಿನ ಸುಸ್ತಲ್ಲ. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ. ಡಾಕ್ಟರು ತಡಮಾಡಬೇಡಿ ಎಂದಿದ್ದಾರೆ. ಜೂನ್ ಒಂದಕ್ಕೆ ಆಸ್ಪತ್ರೆ ಸೇರುತ್ತೇನೆ, ಮರುದಿನ ಆಪರೇಷನ್. ನಾಲ್ಕನೇ ತಾರೀಖಿನವರೆಗೆ ಸಾಸಿವೆಯನ್ನು ಟೈಲರಮ್ಮ ನೋಡಿಕೊಳ್ಳುತ್ತಾರೆ. ಆಮೇಲೆ ಅವರು ಮಗಳ ಬಾಣಂತನಕ್ಕೆ ಹೋಗಲೇಬೇಕು. ಐದಕ್ಕೆ ನೀನು ಬಂದು ಶಾಲೆಯಿಂದ ಅವಳನ್ನು ಕರೆದುಕೊಂಡು ಬಾ. ಸೈಕಲ್ ಅಂಗಡಿಯ ಪಕ್ಕದ ಸಂದಿ, ನೀಲಿ ಗೇಟು. ಟೀಚರಿಗೆ ಹೇಳಿದ್ದೇನೆ: "ಅವಳ ಮಾಮ ಬರ್ತಾನೆ. ಅವಳು ತಾನಾಗೇ ಓಡಿಹೋದ್ರೆ ಕಳ್ಸಿ, ಇಲ್ಲದಿದ್ರೆ ಬೇಡ."

ಈಗ ಆ ಏರ್ಪಾಟಿನ ವಿಷಯ. ಹೇಳುವುದಿಲ್ಲ ಎಂದಿದ್ದೆ, ಹೇಳದೆ ವಿಧಿಯಿಲ್ಲ. ಅಮ್ಮನ ಹಾಗೆ ನಾನೂ ಸಾಸಿವೆಗೆ ಒಂದು ರಾಗ ಕಟ್ಟಿದ್ದೇನೆ. ಅಮ್ಮನವು ಅವನಿಗೆ ಗೊತ್ತಿದ್ದವಲ್ಲ, ಅದಕ್ಕೇ ಹೊಸದು. ಅವಳಿಗೆ ಕಲಿಸಿದ್ದು ಇಷ್ಟೇ: "ಹೆಸ್ರು ಹಿಡಿದು ಯಾರ್ ಕರೆದ್ರೂ ತಿರುಗಬೇಡ. ಅಮ್ಮ ಕಳ್ಸಿದ್ದಾರೆ ಅಂದ್ರೂ ಹೋಗಬೇಡ. ಈ ರಾಗ ಹಾಡಿದವರು ಅಮ್ಮನ ಕಡೆಯವರು. ಓಡಿಹೋಗಿ ಕೈ ಹಿಡ್ಕೋ, ಏನೂ ಕೇಳಬೇಡ." ನನಗೇನಾದರೂ ಆದರೆ ಯಾರಾದರೂ ನಂಬಿಕಸ್ಥರು ಅವಳನ್ನು ಕರೆದೊಯ್ಯಬೇಕಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾಳೆಂದರೆ, ನಾನು ಮೆಟ್ಟಿಲ ಮೇಲಿನಿಂದ ಗುನುಗಿದರೆ ಬಾಯಲ್ಲಿದ್ದ ತುತ್ತನ್ನೂ ಬಿಟ್ಟು ಬರುತ್ತಾಳೆ.

ರಾಗ ಹೀಗೆ. ಮೊದಲ ಪೆಟ್ಟು ಖಾಲಿ. ಆಮೇಲೆ ಮೂರು ಮೆಟ್ಟಿಲು ಹತ್ತು, ಒಂದು ಜಾರು, ಅಲ್ಲೇ ತೂಗಾಡುತ್ತಾ ನಿಲ್ಲು. ಕೊನೆಯ ಸ್ವರವನ್ನು ಚೆನ್ನಾಗಿ ಎಳೆಯಬೇಕು, ಮೊಟಕಾದರೆ ಅವಳು ನಂಬುವುದಿಲ್ಲ. ಸ್ವರಗಳನ್ನು ಕೆಳಗೆ ಬರೆದಿದ್ದೇನೆ, ನೋಡಿಕೊಂಡು ಈ ಕಾಗದ ಸುಟ್ಟುಬಿಡು. ಸಾಫ್ಟ್‌ವೇರಿನಲ್ಲಿ ಕೂತು ಕಟ್ಟಿದ್ದೆ, ಅವಳಿಗೆ ಬಾಯಿಪಾಠವಾದ ಕೂಡಲೇ ಅಲ್ಲಿಂದಲೂ ಅಳಿಸಿದೆ. ಲೋಕದಲ್ಲಿ ಈ ರಾಗ ಗೊತ್ತಿದ್ದದ್ದು ನನಗೂ ಸಾಸಿವೆಗೂ ಮಾತ್ರ. ಈಗ ನೀನು ಮೂರನೆಯವನು.

ನಿನ್ನ ಗಂಟಲಿನ ಬಗ್ಗೆ ಅವಳಿಗೆ ಮೊದಲೇ ಹೇಳಿಟ್ಟಿದ್ದೇನೆ. "ಮಾಮ ಕಪ್ಪೆ ಥರ ಹಾಡ್ತಾನೆ, ನಗಬಾರ್ದು" ಎಂದರೆ ಈಗಲೇ ವಟ ವಟ ಎಂದು ಮನೆ ತುಂಬಾ ಕುಪ್ಪಳಿಸುತ್ತಿದ್ದಾಳೆ.

ಬರುತ್ತೀಯ ತಾನೇ? ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ.

ಅಕ್ಕ


ಜೂನ್ 3

ಅಕ್ಕಾ,

ಈಗ ನಿನ್ನ ಕಾಗದ ಬಂತು. ನಿಂತುಕೊಂಡೇ ಬರೆಯುತ್ತಿದ್ದೇನೆ.

ಸಾಸಿವೆಯನ್ನು ಶಾಲೆಗೆ ಕಳಿಸಬೇಡ. ಯಾರ ಕೈಯಲ್ಲೂ ಬಿಡಬೇಡ. ಆ ರಾಗ ಕೇಳಿದರೆ ಓಡಬೇಡ, ಬಚ್ಚಿಟ್ಟುಕೋ ಎಂದು ಅವಳಿಗೆ ಹೇಳು. ಟೈಲರಮ್ಮಾ, ಇದು ನಿಮ್ಮ ಕೈಗೆ ಮೊದಲು ಸಿಕ್ಕರೆ ದಯವಿಟ್ಟು ಒಡೆದು ಓದಿ, ಮಗುವನ್ನು ಒಳಗೆ ಹಾಕಿ ಬಾಗಿಲು ಹಾಕಿಕೊಳ್ಳಿ.

ನಾನು ನಿನಗೆ ಕೊಟ್ಟದ್ದು ಪರೀಕ್ಷೆಯ ಪ್ರತಿ. ಅದರಲ್ಲಿ ಅಳಿಸಿದ್ದೆಲ್ಲ ನಮ್ಮ ಕೋಣೆಗೆ ಬರುತ್ತದೆ. ನಾನು ಐದು ನಕ್ಷತ್ರ ಹಾಕಿದ ತುಣುಕು ನಿನ್ನದು. ಅಂದು ಸೈಕಲ್ ಅಂಗಡಿಯ ರೇಡಿಯೋದಲ್ಲಿ ಅವಳನ್ನು ಕರೆದದ್ದೂ ಅದೇ ಇರಬೇಕು, ಮಗು ಸುಳ್ಳು ಹೇಳಲಿಲ್ಲ. ಅದೇ ರಾಗವನ್ನು ಭಾವ ನನ್ನ ಮನೆಯಲ್ಲಿ ಕೂತು ಅಭ್ಯಾಸ ಮಾಡಿದ. ಅವನಿಗೆ ಮೊದಲ ದಿನವೇ ಅರ್ಥವಾಗಿತ್ತು ಅದು ಏನೆಂದು. ಕೊನೆಯ ಸ್ವರ ಎಷ್ಟು ಎಳೆಯಬೇಕೆಂದು ಕೇಳಿದ. ನಾನೇ ಹೇಳಿಕೊಟ್ಟೆ. ಇದೇ ಬಾಯಲ್ಲಿ ನಾನೇ ಹೇಳಿಕೊಟ್ಟೆ.

ಶಾಲೆಯ ಹೆಸರೂ ನನಗೆ ಗೊತ್ತಿಲ್ಲ, ಫೋನ್ ಮಾಡುವುದು ಹೇಗೆ. ನಿಮ್ಮೂರಿನ ಪೊಲೀಸರಿಗೆ ಮಾಡಿದೆ. "ಅಪ್ಪ ಮಗಳನ್ನ ನೋಡೋಕೆ ಬಂದ್ರೆ ಏನ್ರೀ ಕೇಸು?" ಎಂದರು. ನೀನು ಆಸ್ಪತ್ರೆಯ ಹೆಸರು ಬರೆದಿಲ್ಲ, ಟೈಲರಮ್ಮನ ನಂಬರ್ ನನ್ನ ಹತ್ತಿರವಿಲ್ಲ. ಇದನ್ನು ಕೊರಿಯರ್‌ಗೆ ಕೊಟ್ಟು ನಾನೂ ಬಸ್ ಹತ್ತುತ್ತಿದ್ದೇನೆ. ಎಷ್ಟು ಬೇಗ ಎಂದರೂ ಐದರ ಬೆಳಗಾಗುತ್ತದೆ. ಹಡಗು ನಾಲ್ಕರ ಸಂಜೆ.

ಅಕ್ಕಾ, ಆ ಟಿಕೆಟ್ ಎರಡೇ ಇದ್ದವು. ನಾನು ಕಣ್ಣಾರೆ ನೋಡಿದ್ದೆ.


ಜೂನ್ 4, ಮಧ್ಯಾಹ್ನ

ನನ್ನ ಮುದ್ದು ಕಪ್ಪೆರಾಯನಿಗೆ,

ಕಳ್ಳ! ಐದಕ್ಕೆ ಬಾ ಎಂದರೆ ನಾಲ್ಕಕ್ಕೇ ಬಂದಿದ್ದೀಯ, ಒಂದು ಮಾತು ತಿಳಿಸದೆ. ಈಗಷ್ಟೇ ಟೈಲರಮ್ಮ ಗಂಜಿ ತಂದವರು ಎಲ್ಲ ಹೇಳಿದರು. ಸಾಸಿವೆಯನ್ನು ಕರೆತರಲು ಹೋದರೆ ಟೀಚರು, "ಅಯ್ಯೋ, ಅವಳ ಮಾಮ ಬಂದು ಕರ್ಕೊಂಡ್ ಹೋದ್ರಲ್ಲಾ" ಎಂದರಂತೆ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ನಾನು ಇಷ್ಟು ದಿನ ಛಾವಣಿ ನೋಡುತ್ತಾ ಒಂದೇ ಯೋಚನೆ ಮಾಡುತ್ತಿದ್ದೆ, ನೀನು ಬರುತ್ತೀಯೋ ಇಲ್ಲವೋ ಎಂದು. ಸುದ್ದಿ ಕೇಳಿ ಎಷ್ಟೋ ವರ್ಷದ ಮೇಲೆ ಎದೆಯ ಮೇಲಿನ ಕಲ್ಲು ಇಳಿಯಿತು ಕಣೋ.

ಈ ಚೀಟಿಯನ್ನು ಟೈಲರಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಇನ್ನೂ ಮನೆಗೆ ಬಂದಿಲ್ಲವಂತೆ ನೀವಿಬ್ಬರೂ. ಐಸ್‌ಕ್ರೀಮಿನ ಅಂಗಡಿಯಲ್ಲಿ ಕೂತಿರುತ್ತೀರಿ, ನನಗೆ ಗೊತ್ತಿಲ್ಲವೇ. ಅವಳು ಎರಡು ಕೇಳುತ್ತಾಳೆ, ಒಂದೇ ಕೊಡಿಸು, ಗಂಟಲು ಕಟ್ಟುತ್ತದೆ. ಬೀಗದ ಕೈ ಮಷೀನಿನ ಡ್ರಾಯರಿನಲ್ಲಿದೆ. ನಿನ್ನದೊಂದು ಕಾಗದ ನಿನ್ನೆ ಬಂದಿದೆಯಂತೆ. ತರಲೇ ಎಂದು ಟೈಲರಮ್ಮ ಕೇಳಿದರು. ಆಸಾಮಿಯೇ ಬಂದಮೇಲೆ ಕಾಗದ ಯಾಕೆ, ಅಲ್ಲೇ ಇರಲಿ ಎಂದೆ. ನೀನೇ ಓದಿ ಹೇಳುವೆಯಂತೆ.

ಟೀಚರು ನಿನ್ನನ್ನು ಹೊಗಳಿದ್ದೇ ಹೊಗಳಿದ್ದಂತೆ. ಗೇಟಿನ ಹೊರಗೆ ನಿಂತು ಮೆಲ್ಲಗೆ ಹಾಡಿದ್ದಕ್ಕೆ ಇಡೀ ಮೈದಾನವೇ ಸುಮ್ಮನಾಯಿತಂತೆ. ಅಂಥಾ ಕಂಠವನ್ನು ಅವರು ಹುಟ್ಟಿದಾರಭ್ಯ ಕೇಳಿಲ್ಲವಂತೆ. ನೀನು! ಕಂಠ! ಪಾಪ, ಆ ಟೀಚರು ಒಂದು ಸಲ ಡಾಕ್ಟರಿಗೆ ಕಿವಿ ತೋರಿಸಬೇಕು ಎಂದೆ. ಆದರೂ ಒಳಗೊಳಗೇ ಹೆಮ್ಮೆಯಾಯಿತು. ನನ್ನ ಮಗಳನ್ನು ಕರೆಯುವಾಗ ದೇವರು ಅಷ್ಟು ಹೊತ್ತು ನಿನಗೆ ಗಂಟಲು ಕೊಟ್ಟಿರಬೇಕು.

ನಮ್ಮ ಸಾಸಿವೆ ಚೀಲವನ್ನೂ ತೆಗೆದುಕೊಳ್ಳದೆ ಓಡಿಬಂದು ನಿನ್ನ ಕೈ ಹಿಡಿದಳಂತೆ. ಹೋಗುವಾಗ ತಿರುಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದಳಂತೆ: "ಮಿಸ್, ಅಮ್ಮ ಸುಳ್ಳು ಹೇಳಿದ್ಲು! ಮಾಮ ಕಪ್ಪೆ ಅಲ್ಲವೇ ಅಲ್ಲ!"

ನಕ್ಕು ನಕ್ಕು ಹೊಲಿಗೆ ಎಳೆಯಿತು. ಸಂಜೆ ಇಬ್ಬರೂ ಬನ್ನಿ, ಬಾಗಿಲ ಕಡೆಗೇ ಮುಖ ಮಾಡಿ ಮಲಗಿರುತ್ತೇನೆ.

ಅಕ್ಕ